ಎಷ್ಟು ಜೋರಾಗಿ ಉಸಿರಾಡುತ್ತೆ

ಟಿಬಿಲಿಸಿಯ ರೈಲು ನಿಲ್ದಾಣದ ಕೆಳಗೆ, ನೆಲಮಾಳಿಗೆಯಲ್ಲಿ
ನನ್ನ ಅಂಗಡಿ. ನನ್ನದೆಲ್ಲಿ, ಮಾಲೀಕ ಗೋಚಾನದು.
ನಾನು ಬೆಸಿಕ್, ಅಂಕಿ ಒಪ್ಪಿಸುವವನು.
ಮಗ್ಗಿ ಹೇಳುವ ಹುಡುಗನ ಹಾಗೆ, ತಡೆಯದೆ:
ಎಂಟು ಕೋರು, ಹದಿನಾರು ಜಿಬಿ ರ‍್ಯಾಮು,
ಸೆಕೆಂಡಿಗೆ ನಾನೂರು ಕೋಟಿ ಮಿಡಿತ,
ಗಾಜಿನ ಪಕ್ಕೆ, ಒಳಗೆ ನೀಲಿ ನೇರಳೆ ದೀಪ.
ಕೇಳಿದವರು ತಲೆಯಾಡಿಸುತ್ತಾರೆ,
ತಿಳಿದವರೂ, ತಿಳಿಯದವರೂ;
ತಿಳಿಯದವರು ತುಸು ಹೆಚ್ಚೇ.

ಲಮಾರಾ ತಲೆಯಾಡಿಸಲಿಲ್ಲ.
ಎಪ್ಪತ್ತರ ಆಸುಪಾಸು, ಗಂಡಸರ ಕೋಟು,
ಕೈಚೀಲದಲ್ಲಿ ಒಂದು ರೊಟ್ಟಿ, ಒಂದು ಟೇಪಿನ ಸುರುಳಿ.
“ಇಂಥವು ಮುನ್ನೂರ ಹನ್ನೆರಡಿವೆ ಮನೆಯಲ್ಲಿ.
ಬೆಟ್ಟದೂರುಗಳ ಹಾಡು. ಹಾಡಿದವರು ಈಗಿಲ್ಲ.
ಪಟ್ಟಿಯಿಂದ ಕಂದು ಪುಡಿ ಉದುರುತ್ತಿದೆ,
ಉದುರುವ ಮೊದಲು ಎತ್ತಿಡಬೇಕು.”

ಗಾಜಿನ ಪಕ್ಕೆಯದನ್ನು ತೋರಿಸಿದೆ. ವೇಗ ನೋಡಿ, ಅಂದೆ.
“ವೇಗ ಯಾರಿಗೆ ಬೇಕು?
ಟೇಪು ಓಡುವುದು ಸೆಕೆಂಡಿಗೆ ಹತ್ತೊಂಬತ್ತು ಸೆಂಟಿಮೀಟರು.
ಅವಸರಿಸಿದರೆ ಅಜ್ಜಂದಿರು ಇಲಿಗಳಾಗುತ್ತಾರೆ.”

ರೊಟ್ಟಿ ಸುತ್ತಿದ್ದ ಕಾಗದ ಬಿಡಿಸಿ, ಪೆನ್ಸಿಲು ನೆಕ್ಕಿ ಗುಣಿಸಿದರು:
ಸುರುಳಿಗೆ ಒಂದು ಗಂಟೆ, ಗಂಟೆಗೆ ಎರಡು ಜಿಬಿ,
ಆರುನೂರ ಇಪ್ಪತ್ತನಾಲ್ಕು.
“ಒಂದು ಟಿಬಿ ಸಾಕು. ನಕಲಿಗೆ ಇನ್ನೊಂದು,
ಅದು ತೆಲಾವಿಯ ತಂಗಿಯ ಮನೆಗೆ.
ಒಂದೇ ಸೂರಿನಡಿ ಇಟ್ಟರೆ ಅದು ನಕಲಲ್ಲ,
ಜೊತೆಗೇ ಸಾಯುವ ಅವಳಿ.”

ಗ್ರಾಫಿಕ್ಸ್ ಕಾರ್ಡು?
“ಹಾಡಿಗೆ ಮುಖವಿಲ್ಲ.”
ರ‍್ಯಾಮು, ಕೋರು, ಡಿಸ್ಕು ಎಂದು ಬೆರಳು ಮಡಿಚುತ್ತಿದ್ದೆ,
ನನ್ನ ಬೆರಳು ಹಿಡಿದು ನಿಲ್ಲಿಸಿದರು.
“ಮೂರು ದನಿ ನಮ್ಮ ಹಾಡಿಗೆ.
ಮೇಲಿನದು ಮಿಂಚುತ್ತೆ. ನಡುವಿನದು ಕತೆ ಹೇಳುತ್ತೆ.
ಕೆಳಗಿನದು ಬನಿ. ಸುಮ್ಮನೆ ನಿಂತಿರುತ್ತೆ ಅದು.
ನೀನು ಹೇಳಿದ್ದೆಲ್ಲ ಮೇಲಿನ ದನಿ.
ಈ ಡಬ್ಬಿಯಲ್ಲಿ ಬನಿ ಯಾವುದು?”

ಡಿಸ್ಕು ಅಂದೆ. ಅಲ್ಲ, ಪವರ್ ಸಪ್ಲೈ ಅಂದೆ,
ಯಾರೂ ಕೇಳದ್ದು, ಚೀಟಿಯ ಕೊನೆಯ ಸಾಲಿನದು.
“ಹ್ಞಾಂ,” ಎಂದರು. ಆಗಲೇ ನನ್ನ ಮುಖ ನೋಡಿದ್ದು.

ಆಮೇಲೆ:
“ಇದು ಎಷ್ಟು ಜೋರಾಗಿ ಉಸಿರಾಡುತ್ತೆ?”

ಚೀಟಿ ತಿರುಗಿಸಿದೆ. ಮುಂದಿಲ್ಲ, ಹಿಂದಿಲ್ಲ.
ಕೈಪಿಡಿಯ ಎಂಟು ಭಾಷೆಗಳಲ್ಲೂ ಇಲ್ಲ.
ರೇಡಿಯೊ ಆರಿಸಿಸಿದರು. ಚೂಯಿಂಗ್ ಗಮ್ ಉಗಿಸಿದರು.
ಒಂದೊಂದೇ ಯಂತ್ರ ಹಚ್ಚಿದೆ,
ಒಂದೊಂದಕ್ಕೂ ಮಂಡಿಯೂರಿ ಕಿವಿಯಿಟ್ಟರು.
“ಇದಕ್ಕೆ ಗೂರಲು. ಇದು ಗೊಣಗುತ್ತೆ.
ಇದಂತೂ ಬಸ್ಸು.”
ನೀಲಿ ನೇರಳೆ ದೀಪದ್ದೇ ಬಸ್ಸು.

ಹಿಂದಿನ ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದ ಪುಟ್ಟ ಕಪ್ಪು ಪೆಟ್ಟಿಗೆ,
ಬ್ಯಾಂಕಿನವರು ಬೇಡವೆಂದು ಹಿಂದಿರುಗಿಸಿದ್ದು.
ಫ್ಯಾನೇ ಇಲ್ಲ. ನಾಲ್ಕು ಕೋರು, ಎಂಟು ಜಿಬಿ,
ಒಪ್ಪಿಸಲು ನಾಚಿಕೆಯಾಗುವಷ್ಟು.
ಹಚ್ಚಿದೆ. ಕಿವಿಯಿಟ್ಟರು.
ಬಹಳ ಹೊತ್ತು ಏಳಲೇ ಇಲ್ಲ, ನನಗೆ ಗಾಬರಿ.

ಮುಚ್ಚಿಡಲಿಲ್ಲ ನಾನು: “ಉಸಿರಾಡದ್ದು ಬಿಸಿಯಾಗುತ್ತೆ.”
“ಆಗಲಿ. ಚಳಿಗಾಲಕ್ಕೆ ಕೈ ಕಾಯಿಸಿಕೊಳ್ಳುತ್ತೇನೆ.”
ಚೌಕಾಸಿ ಮಾಡಿ, ಒಂದು ಕೇಬಲ್ಲು ಪುಕ್ಕಟೆ ಗಿಟ್ಟಿಸಿ,
ರೊಟ್ಟಿಯ ಪಕ್ಕದಲ್ಲೇ ಅದನ್ನೂ ತುರುಕಿಕೊಂಡು ಮೆಟ್ಟಿಲು ಹತ್ತಿದರು.

ಗೋಚಾ ಬೈದ. ಆ ಲಾಭದಲ್ಲಿ ಒಂದು ಬಲ್ಬೂ ಉರಿಯದು, ಅಂದ.
ಅಂದಿನಿಂದ ಬೆಲೆಚೀಟಿಗಳ ಕೆಳಗೆ ಪೆನ್ಸಿಲಿನಲ್ಲಿ ಬರೆಯುತ್ತೇನೆ:
ಗೂರಲು. ಗೊಣಗಾಟ. ಬಸ್ಸು.
ಅವನು ಅಳಿಸುತ್ತಾನೆ. ಮತ್ತೆ ಬರೆಯುತ್ತೇನೆ.

ರಾತ್ರಿ ಬಾಗಿಲೆಳೆಯುವ ಮುನ್ನ ಒಂದೊಂದೇ ಆರಿಸುತ್ತೇನೆ.
ಕೊನೆಯದೂ ಆರಿದ ಮೇಲೆ
ತಲೆಯ ಮೇಲೆಲ್ಲೋ ಬತುಮಿಯ ರೈಲು
ನಿಂತಲ್ಲೇ ಗುನುಗುವುದು ಕೇಳುತ್ತದೆ.
ಅಷ್ಟು ಹೊತ್ತು ಎಲ್ಲಿತ್ತೋ ಅದು.